ಟ್ಯೂಬಿಂಗೆನ್ ಕೋಟೆಯ ಗ್ರಂಥಪಾಲಕ, ಕಾಶ್ಮೀರದ ಭೂರ್ಜಪತ್ರ

ಸ್ಟಟ್‌ಗಾರ್ಟ್‌ನಿಂದ ಟ್ಯೂಬಿಂಗೆನ್‌ಗೆ ರೈಲಿನಲ್ಲಿ ಸುಮಾರು ಒಂದು ಗಂಟೆಯ ದಾರಿ; ಎರಡೂ ಜರ್ಮನಿಯ ಊರುಗಳು. ನಿಲ್ದಾಣದಿಂದ ನಡೆದು ನೆಕ್ಕರ್ ಸೇತುವೆ ಸೇರಿದ ಕೂಡಲೇ ಹೊಳೆದಂಡೆಯ ಬಣ್ಣಬಣ್ಣದ ಮನೆಗಳೆದುರು ಜನ ಫೋಟೊಕ್ಕೆ ನಿಂತಿರುತ್ತಾರೆ. ನೋಟ ಚೆಂದವೇ, ಆದರೆ ಅರ್ಧ ದಿನ ಅಲ್ಲೇ ಕಳೆಯುವಂಥದ್ದೇನಿಲ್ಲ. ಮಾರುಕಟ್ಟೆ ಚೌಕ ದಾಟಿ ಬುರ್ಗ್‌ಸ್ಟೈಗೆ ಎಂಬ ಏರುದಾರಿ ಹಿಡಿಯಿರಿ. ಕಲ್ಲುಹಾಸಿನ ದಾರಿಯಾದ್ದರಿಂದ ಚಕ್ರದ ಪೆಟ್ಟಿಗೆ ಎಳೆದುಕೊಂಡು ಹತ್ತುವುದು ಬಲು ಕಷ್ಟ. ಸಾಮಾನನ್ನು ಕೆಳಗೇ ಬಿಟ್ಟು ಬನ್ನಿ. ಮೇಲಿರುವ ಹೋಹೆನ್‌ಟ್ಯೂಬಿಂಗೆನ್ ಕೋಟೆಯ ಮ್ಯೂಸಿಯಂಗೆ ಸೋಮವಾರ, ಮಂಗಳವಾರ ರಜೆ. ಅದನ್ನು ನೋಡಿಕೊಳ್ಳದೆ ಏದುಸಿರು ಬಿಡುತ್ತಾ ಹತ್ತಿ, ಮುಚ್ಚಿದ ಬಾಗಿಲು ನೋಡಿ ಇಳಿಯುವವರು ಕಡಿಮೆಯಿಲ್ಲ.

ಹೆಚ್ಚಿನವರು ಒಳಗೆ ಹೋಗುವುದು ಹಿಮಯುಗದ ದಂತದ ಕುದುರೆಯನ್ನು ನೋಡಲು. ‘ರಿಟ್ಟರ್‌ಜಾಲ್’ ಎಂಬ ದೊಡ್ಡ ಸಭಾಂಗಣದಲ್ಲಿ ಈಗ ಗ್ರೀಕ್, ರೋಮನ್ ಶಿಲ್ಪಗಳ ಪ್ಲಾಸ್ಟರ್ ಅಚ್ಚುಗಳು ಸಾಲಾಗಿ ನಿಂತಿವೆ. 1819ರಿಂದ 1912ರವರೆಗೆ ವಿಶ್ವವಿದ್ಯಾಲಯದ ಗ್ರಂಥಾಲಯ ಇದ್ದದ್ದು ಈ ಕೋಟೆಯಲ್ಲೇ, ಈ ಸಭಾಂಗಣದಲ್ಲೇ. ಆ ಬಿಳಿ ವಿಗ್ರಹಗಳ ಜಾಗದಲ್ಲಿ ಪುಸ್ತಕದ ಕಪಾಟುಗಳನ್ನು ಊಹಿಸಿಕೊಂಡು ಸ್ವಲ್ಪ ಹೊತ್ತು ನಿಲ್ಲಬೇಕು. 1856ರಿಂದ 1895ರಲ್ಲಿ ತೀರಿಕೊಳ್ಳುವವರೆಗೆ, 39 ವರ್ಷ, ಇಲ್ಲಿ ಮುಖ್ಯ ಗ್ರಂಥಪಾಲಕರಾಗಿದ್ದವರು ವೇದವಿದ್ವಾಂಸ ರುಡಾಲ್ಫ್ ರೋಟ್.

ರೋಟ್ ಹುಟ್ಟಿದ್ದು 1821ರಲ್ಲಿ, ಸ್ಟಟ್‌ಗಾರ್ಟ್‌ನಲ್ಲಿ. ಪ್ಯಾರಿಸ್‌ನಲ್ಲಿ ಸಂಸ್ಕೃತ ವಿದ್ವಾಂಸ ಬ್ಯೂರ್ನೂಫ್ ಅವರ ಬಳಿ ಓದಿ, ಲಂಡನ್‌ನಲ್ಲಿ ವೇದದ ಹಸ್ತಪ್ರತಿಗಳನ್ನು ನೋಡಿ ಊರ ಕಡೆ ಮರಳಿದವರು. ಒಂದೇ ವರ್ಷ, 1856ರಲ್ಲಿ, ಪೂರ್ಣ ಪ್ರಾಧ್ಯಾಪಕ ಹುದ್ದೆಯೂ ಗ್ರಂಥಾಲಯದ ಹೊಣೆಯೂ ಬಂದವು. ಆ ಹೊತ್ತಿಗೆ ಸಂಸ್ಕೃತ ವಿದ್ವಾಂಸ ಬೋಟ್‌ಲಿಂಕ್ ಜತೆಗಿನ ಸಂಸ್ಕೃತ–ಜರ್ಮನ್ ಮಹಾನಿಘಂಟು ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಅಚ್ಚಾಗತೊಡಗಿತ್ತು. 1855ರಿಂದ 1875ರವರೆಗೆ ಏಳು ಸಂಪುಟಗಳು. ಅದರಲ್ಲಿ ವೇದದ ಪದಗಳ ಪಾಲು ಮುಖ್ಯವಾಗಿ ರೋಟ್ ಅವರದು. ಒಂದು ಪದ ಎಲ್ಲೆಲ್ಲಿ ಬಂದಿದೆಯೋ ಅಷ್ಟೂ ಮಂತ್ರಗಳನ್ನು ಒಟ್ಟಿಗಿಟ್ಟು, ಎಲ್ಲ ಕಡೆಗೂ ಹೊಂದುವ ಅರ್ಥ ಹುಡುಕುವುದು ಅವರ ಕ್ರಮ. ವಿಜಯನಗರದ ಆಶ್ರಯದಲ್ಲಿದ್ದ ಸಾಯಣಾಚಾರ್ಯರ ವೇದಭಾಷ್ಯವನ್ನು ಅವರು ಹಿಂದಕ್ಕೆ ಸರಿಸಿದ್ದು ಈ ನಂಬಿಕೆಯಿಂದಲೇ. ಅದು ಸ್ವಲ್ಪ ಅತಿಯಾಯಿತೆಂದೇ ಹೇಳಬೇಕು. ಅವರ ಶಿಷ್ಯ ಗೆಲ್ಡ್‌ನರ್ ಅವರೇ ಮುಂದೆ ಸಾಯಣರ ಕಡೆಗೆ ಮತ್ತೆ ಮುಖಮಾಡಿದರು. ಆದರೂ ಬಿಡಿಬಿಡಿ ಉಲ್ಲೇಖಗಳನ್ನು ಒಂದು ಸಾಲಿಗೆ ತಂದು ಜೋಡಿಸುವ ಆ ತಾಳ್ಮೆ ಗ್ರಂಥಪಾಲಕನದೇ.

ಈ ಊರಿಗೆ ಬರಲೇಬೇಕಾದ ಕಾರಣ ಒಂದು ಭೂರ್ಜಪತ್ರದ ಪ್ರತಿ, ಎಂದರೆ ಭೂರ್ಜ ಮರದ ತೊಗಟೆಯ ಮೇಲೆ ಬರೆದ ಹಸ್ತಪ್ರತಿ. ಅಥರ್ವವೇದದ ಪೈಪ್ಪಲಾದ ಶಾಖೆ (ಆ ವೇದದ ಒಂದು ಪಾಠಪರಂಪರೆ) ಕಾಶ್ಮೀರದಲ್ಲಿ ಉಳಿದಿರಬಹುದೆಂದು ರೋಟ್ ಊಹಿಸಿದ್ದರು. ಭಾರತದಲ್ಲಿದ್ದ ಬ್ರಿಟಿಷ್ ಅಧಿಕಾರಿ ವಿಲಿಯಂ ಮ್ಯೂರ್ ಅವರ ಮೂಲಕ ಕೋರಿಕೆ ಹೋಯಿತು. ಕಾಶ್ಮೀರದ ಮಹಾರಾಜ ರಣಬೀರ್ ಸಿಂಗ್ ಮೊದಲು ಒಂದು ನಕಲು ಮಾಡಿಸಿ ಕೊಟ್ಟರು. ಆಮೇಲೆ ಕಾಶ್ಮೀರದ ಹಳೆಯ ಲಿಪಿಯಾದ ಶಾರದಾ ಲಿಪಿಯ ಮೂಲಪ್ರತಿಯೇ ಟ್ಯೂಬಿಂಗೆನ್ ತಲುಪಿತು. ರೋಟ್ ತೀರಿಕೊಂಡ ಮೇಲೆ ಅದು ಗ್ರಂಥಾಲಯದ ಸ್ವತ್ತಾಯಿತು.

ಭೂರ್ಜ ತೊಗಟೆ ತೆಳುಪದರಗಳ ಕಟ್ಟು. ಒಣಗಿದರೆ ಪದರ ಬಿಡುತ್ತದೆ, ಅಂಚು ಪುಡಿಯಾಗುತ್ತದೆ, ಅಂಚಿನ ಜತೆ ಸಾಲಿನ ಕೊನೆಯ ಅಕ್ಷರವೂ ಹೋಗುತ್ತದೆ. ತೊಗಟೆಯಲ್ಲಿ ಹುಟ್ಟಿನಿಂದಲೇ ಸಣ್ಣ ಕಪ್ಪು ಅಡ್ಡಗೆರೆಗಳಿರುತ್ತವೆ. ಕಪ್ಪುಬಿಳುಪು ಚಿತ್ರದಲ್ಲಿ ಅವು ಅಕ್ಷರದ ತಲೆಗೆರೆಯಂತೆ ಕಂಡು ಓದುವವರನ್ನು ದಾರಿ ತಪ್ಪಿಸಬಲ್ಲವು. 1901ರಲ್ಲಿ ಸಂಸ್ಕೃತ ವಿದ್ವಾಂಸರಾದ ಬ್ಲೂಮ್‌ಫೀಲ್ಡ್ ಮತ್ತು ಗಾರ್ಬೆ ಬಾಲ್ಟಿಮೋರ್‌ನಿಂದ ಹೊರತಂದ ಪ್ರತಿಕೃತಿ ಬಣ್ಣದ್ದು: ಮೂರು ಸಂಪುಟ, 544 ಫಲಕ. ತೊಗಟೆಯ ಕಂದು, ಶಾಯಿಯ ಕಪ್ಪು, ಹರಿದ ಅಂಚು, ಒಂದೊಂದೂ ಬೇರೆಯಾಗಿ ಕಣ್ಣಿಗೆ ಬೀಳುತ್ತದೆ. ಅಷ್ಟಾದರೂ ಈ ಪ್ರತಿಯ ಪಾಠದಲ್ಲಿ ತಪ್ಪುಗಳು ಹೇರಳ. 1950ರ ದಶಕದಲ್ಲಿ ದುರ್ಗಾಮೋಹನ ಭಟ್ಟಾಚಾರ್ಯರು ಒಡಿಶಾದ ಹಳ್ಳಿಗಳಲ್ಲಿ ಇದೇ ಶಾಖೆಯ ತಾಳೆಗರಿಗಳನ್ನು ಕಂಡುಕೊಂಡ ಮೇಲೆಯೇ ಎಷ್ಟೋ ಮಂತ್ರಗಳು ಸರಿಯಾಗಿ ಓದಲು ಸಿಕ್ಕಿದ್ದು.

ಇದನ್ನು ಹುಡುಕಿ ಹೋಗುವವರು ಎಡವುವುದು ಕ್ಯಾಟಲಾಗಿನಲ್ಲಿ. ರೋಟ್ ಅವರೇ ಮಾಡಿದ ಭಾರತೀಯ ಹಸ್ತಪ್ರತಿಗಳ ಪಟ್ಟಿ 1865ರದು. ಭೂರ್ಜಪತ್ರ ಬಂದದ್ದು ಆಮೇಲೆ, ಹಾಗಾಗಿ ಅದರಲ್ಲಿ ಎಷ್ಟು ತಡಕಾಡಿದರೂ ಸಿಗದು. ನೋಡಬೇಕಾದ್ದು 1865ರ ನಂತರ ಬಂದವನ್ನು ಸೇರಿಸಿ ಗಾರ್ಬೆ 1899ರಲ್ಲಿ ಪ್ರಕಟಿಸಿದ ಪಟ್ಟಿಯನ್ನು. ಗುರುತು ಸಂಖ್ಯೆ ‘ಎಂ ಎ’, ರೋಮನ್ ಒಂದು, 421 (Ma I 421). ಪ್ರತಿಕೃತಿ ಬೇಕಾದರೆ ರೋಟ್ ಹೆಸರಿನಲ್ಲಿ ಹುಡುಕಬೇಡಿ, ಬ್ಲೂಮ್‌ಫೀಲ್ಡ್ ಹೆಸರಿನಲ್ಲಿ ಹುಡುಕಿ. ಅದರ ಸ್ಕ್ಯಾನ್ ಅಂತರಜಾಲದಲ್ಲಿ ಉಚಿತವಾಗಿ ಸಿಗುತ್ತದೆ. ಹೊರಡುವ ಮುಂಚೆ ನಿಮ್ಮ ಊರಲ್ಲೇ ಓದಿಕೊಂಡು, ಯಾವ ಫಲಕದ ಬಗ್ಗೆ ಅನುಮಾನವಿದೆಯೋ ಅದನ್ನು ಬರೆದಿಟ್ಟುಕೊಳ್ಳಿ. ಹಸ್ತಪ್ರತಿ ವಿಭಾಗಕ್ಕೆ ವಾರಗಳ ಮುಂಚೆಯೇ ಇಮೇಲ್ ಕಳಿಸಿ, ಗುರುತು ಸಂಖ್ಯೆ ಮತ್ತು ನೋಡಬೇಕಾದ ಕಾರಣ ಎರಡನ್ನೂ ತಿಳಿಸಿ. ನೇರ ಹೋಗಿ ಕೇಳಿದರೆ ಇಂಥ ಪ್ರತಿಯನ್ನು ಯಾರೂ ತೆಗೆದುಕೊಡುವುದಿಲ್ಲ, ಕೊಡಲೂಬಾರದು. ಪೆನ್ನು ಬೇಡ, ಪೆನ್ಸಿಲ್ ಒಯ್ಯಿರಿ.

ಗ್ರಂಥಾಲಯ ಈಗಿರುವುದು ಕೆಳಗಿನ ವಿಲ್‌ಹೆಲ್ಮ್ ಬೀದಿಯಲ್ಲಿ, ಕೋಟೆಯಿಂದ ಇಳಿದು ಸುಮಾರು ಇಪ್ಪತ್ತು ನಿಮಿಷದ ನಡಿಗೆ. ವಾಸ್ತುಶಿಲ್ಪಿ ಪೌಲ್ ಬೊನಾಟ್ಸ್ ಕಟ್ಟಿದ 1912ರ ಹಳೆಯ ಕಟ್ಟಡವನ್ನು ಹೊರಗಿನಿಂದಲಾದರೂ ನಿಧಾನವಾಗಿ ನೋಡಿ. ಕನ್ನಡಿಗರಿಗೆ ಇಲ್ಲಿ ಇನ್ನೊಂದು ನಂಟಿದೆ. ‘ಮಂಗಳೂರ ಸಮಾಚಾರ’ದ ಮೋಗ್ಲಿಂಗ್ ಅವರಿಗೆ 1858ರಲ್ಲಿ ಗೌರವ ಡಾಕ್ಟರೇಟ್ ಕೊಟ್ಟದ್ದು ಇದೇ ವಿಶ್ವವಿದ್ಯಾಲಯ, ಆಗ ರೋಟ್ ಇಲ್ಲಿ ಪ್ರಾಧ್ಯಾಪಕರು. ನಿಘಂಟಿನ ಕಿಟ್ಟೆಲ್ ಅವರಿಗೆ ಆ ಗೌರವ ಸಂದದ್ದು 1896ರಲ್ಲಿ, ರೋಟ್ ತೀರಿಕೊಂಡ ಮರುವರ್ಷ. ಕಿಟ್ಟೆಲ್ ಕೊನೆಯುಸಿರೆಳೆದದ್ದೂ ಇದೇ ಊರಿನಲ್ಲಿ, 1903ರಲ್ಲಿ. ಮಲಯಾಳಂ ನಿಘಂಟುಕಾರ ಗುಂಡರ್ಟ್ ಅವರ ಸಂಗ್ರಹವೂ ಇಲ್ಲೇ ಇದೆ, ಅದನ್ನು ಡಿಜಿಟಲ್ ಮಾಡಿ ಗುಂಡರ್ಟ್ ಪೋರ್ಟಲ್‌ನಲ್ಲಿ ಇಟ್ಟಿದ್ದಾರೆ.

ಕೈಯಲ್ಲಿ ಒಂದೇ ದಿನವಿದ್ದರೆ ಬೆಳಿಗ್ಗೆ ಗ್ರಂಥಾಲಯ, ಮಧ್ಯಾಹ್ನ ಕೋಟೆ. ಭೂರ್ಜಪತ್ರದ ಬಣ್ಣ ಕಣ್ಣಲ್ಲಿರುವಾಗಲೇ ಆ ಸಭಾಂಗಣಕ್ಕೆ ಹೋಗಿ.