ಸ್ಟಾರ್ಟರ್ ಬೋರ್ಡ್ ಕೆಲಸ: ಕೈಲ್‌ಪೊಳ್ದಿನಿಂದ ಹುತ್ತರಿವರೆಗೆ

ಕೊಡಗಿನ ಒಂದು ಐಟಿಐ, ಎಲೆಕ್ಟ್ರಿಷಿಯನ್ ಎರಡನೇ ವರ್ಷ, 20 ಮಂದಿಯ ಬ್ಯಾಚ್. ಮೂರು ಫೇಸ್ ಮೋಟರಿಗೆ ಡಿಒಎಲ್ (ಡೈರೆಕ್ಟ್ ಆನ್ ಲೈನ್, ಪೂರ್ತಿ ವೋಲ್ಟೇಜನ್ನು ನೇರವಾಗಿ ಮೋಟರಿಗೆ ಕೊಡುವ) ಸ್ಟಾರ್ಟರ್ ಬೋರ್ಡ್ ಕಟ್ಟುವ ಕೆಲಸ. ಬೋರ್ಡ್ ಐದು, ತಲಾ ನಾಲ್ವರು. ಇದು ಸಿಲಬಸ್ಸಿನಲ್ಲಿ ಮೊದಲೇ ಇರುವ ಪಾಠ. ಈ ಸಲ ಚಿತ್ರ ಬರೆದುಕೊಟ್ಟು ನಕಲು ಮಾಡಿಸುವುದನ್ನು ಬಿಟ್ಟು, ಕಟ್ಟಿದ ಬೋರ್ಡಿನಲ್ಲಿ ಬೇಕೆಂದೇ ದೋಷ ಹಾಕಿ ಹುಡುಕಲು ಕೊಡಲಾಗಿದೆ. ಫೆಬ್ರವರಿ, ಮಾರ್ಚಿನಲ್ಲಿ ಕಾಫಿ ಹೂ ಅರಳಿಸುವ ಹೂಮಳೆ ಕೈಕೊಟ್ಟಾಗ ರೊಬಸ್ಟಾ ಕಾಫಿಗೆ ಸ್ಪ್ರಿಂಕ್ಲರ್ ಹಾಕಬೇಕು. ಆಗ ಪಂಪ್ ಏಳದಿದ್ದರೆ ಏನಾಗುತ್ತದೆ ಎಂದು ಇಲ್ಲಿನ ಮಕ್ಕಳಿಗೆ ಯಾರೂ ವಿವರಿಸಬೇಕಿಲ್ಲ.

ವಾರ 1, ಸೆಪ್ಟೆಂಬರ್, ಕೈಲ್‌ಪೊಳ್ದು (ಕೊಡವರ ಆಯುಧ ಹಬ್ಬ) ಹೊತ್ತಿಗೆ
ಒಂದು ಬೋರ್ಡಿಗೆ ಬೇಕಾದದ್ದು: ಕಾಂಟ್ಯಾಕ್ಟರ್ (ಕಾಯಿಲಿಗೆ ಕರೆಂಟ್ ಬಂದಾಗ ಮೋಟರಿನ ದಾರಿ ಕೂಡಿಸುವ ಸ್ವಿಚ್), ಓವರ್‌ಲೋಡ್ ರಿಲೇ (ಕರೆಂಟ್ ಮಿತಿ ಮೀರಿದರೆ ಮೋಟರ್ ನಿಲ್ಲಿಸುವುದು), ಹಸಿರು ಮತ್ತು ಕೆಂಪು ಪುಶ್ ಬಟನ್, ಮೂರು ಪೋಲ್ ಎಂಸಿಬಿ (ಸರ್ಕ್ಯೂಟ್ ಬ್ರೇಕರ್), ಕಂಟ್ರೋಲ್ ಲೈನಿಗೆ ಒಂದು ಫ್ಯೂಸ್. ಪವರಿಗೆ 2.5 ಚದರ ಮಿ.ಮೀ., ಕಂಟ್ರೋಲಿಗೆ 1.5 ಚದರ ಮಿ.ಮೀ. ವೈರ್. ಪ್ಲೈವುಡ್ ಮಳೆಗಾಲದಲ್ಲಿ ತೇವ ಕುಡಿದು ಉಬ್ಬುತ್ತದೆ, ಸ್ಕ್ರೂ ಸಡಿಲವಾಗುತ್ತದೆ. ಆದ್ದರಿಂದ ನಾಲ್ಕು ಬದಿಗೂ ವಾರ್ನಿಷ್ ಹೊಡೆದ ಮೇಲೆಯೇ ಸಾಮಾನು ಕೂರಿಸಲಾಯಿತು.

3 ಎಚ್‌ಪಿ ಮೋಟರನ್ನೂ ಮಳೆ ಬಿಟ್ಟಿಲ್ಲ. 500 ವೋಲ್ಟ್ ಮೆಗ್ಗರಿನಲ್ಲಿ (ಇನ್ಸುಲೇಶನ್ ಅಳೆಯುವ ಮೀಟರ್) ವೈಂಡಿಂಗಿಗೂ ಬಾಡಿಗೂ ನಡುವೆ 1 ಮೆಗಾಓಮ್ ಕೂಡ ಬರಲಿಲ್ಲ. ಕವರ್ ಬಿಚ್ಚಿ, ರೋಟರ್ ತೆಗೆದು, ಒಳಗೆ ಹಳೆಯ 100 ವ್ಯಾಟ್ ಬಲ್ಬು ಇಳಿಬಿಟ್ಟು ಒಣಗಿಸಬೇಕಾಯಿತು. ಬಲ್ಬು ವೈಂಡಿಂಗಿಗೆ ತಾಗಿದರೆ ವಾರ್ನಿಷ್ ಸುಡುತ್ತದೆ, ಹಾಗಾಗಿ ಕಾವಲಿಗೆ ಒಬ್ಬರು ಬೇಕೇ ಬೇಕು. ಗಂಟೆಗೊಮ್ಮೆ ಮೆಗ್ಗರ್ ಹಿಡಿದು ಅಂಕಿ ಬರೆಯುವ ಕೆಲಸ ಹಿಂದಿನ ಬೆಂಚಿನವರಿಗೆ ಕೊಡಲಾಯಿತು. ಅಂಕಿ ಏರುತ್ತಿದ್ದಂತೆ ಮೊಬೈಲುಗಳು ತಾವಾಗಿಯೇ ಜೇಬು ಸೇರಿದವು.

ವಾರ 2 ಮತ್ತು 3
ಗುಂಪಿನಲ್ಲಿ ಒಬ್ಬ ಚುರುಕಿನವನಿದ್ದರೆ ಉಳಿದ ಮೂವರು ಟಾರ್ಚ್ ಹಿಡಿಯುವವರಾಗುತ್ತಾರೆ. ಅದಕ್ಕೆ ಕಟ್ಟಳೆ ಇಷ್ಟು: ಮೀಟರ್ ಹಿಡಿದವರು ಸ್ಕ್ರೂಡ್ರೈವರ್ ಮುಟ್ಟುವಂತಿಲ್ಲ, ಚಿತ್ರ ಹಿಡಿದವರು ಬಾಯಲ್ಲೇ ಹೇಳಬೇಕು, ನಾಲ್ಕನೆಯವರು ಬರೆಯಬೇಕು. ದಿನಕ್ಕೊಮ್ಮೆ ಪಾತ್ರ ಬದಲು.

ಚರ್ಚೆ ಯಾವ ಭಾಷೆಯಲ್ಲಾದರೂ ಆಗಲಿ. ಕೊಡವ ತಕ್ಕ್, ಅರೆಭಾಷೆ, ಮಲಯಾಳಂ, ತುಳು ಎಲ್ಲವೂ ಒಂದೇ ಬೆಂಚಿನಲ್ಲಿವೆ. ಬರೆಯುವುದು ಮಾತ್ರ ಕನ್ನಡದಲ್ಲಿ. "ಹೋಲ್ಡ್ ಆನ್ ಕಾಂಟ್ಯಾಕ್ಟ್" (ಹಸಿರು ಬಟನ್ ಬಿಟ್ಟರೂ ಕಾಯಿಲಿಗೆ ಕರೆಂಟ್ ಉಳಿಸುವ ಕಾಂಟ್ಯಾಕ್ಟ್) ಎಂದು ಬಾಯಿಪಾಠ ಹೇಳುವವರಿಗೂ ಮನೆಮಾತಿನಲ್ಲಿ ವಿವರಿಸಲು ಹೊರಟಾಗಲೇ ತಮಗೆ ಎಲ್ಲಿ ತಿಳಿದಿಲ್ಲ ಎಂಬುದು ಗೊತ್ತಾಗುತ್ತದೆ.

ಕಂಟ್ರೋಲ್ ದಾರಿ ಹೀಗೆ: ಫೇಸಿನಿಂದ ಫ್ಯೂಸ್, ಅಲ್ಲಿಂದ ರಿಲೇಯ 95-96 (ಟ್ರಿಪ್ ಆದರೆ ಬಿಡುವ ಕಾಂಟ್ಯಾಕ್ಟ್), ಆಮೇಲೆ ಕೆಂಪು ಬಟನ್ (ಒತ್ತಿದರೆ ದಾರಿ ಬಿಡಿಸುವ ಎನ್‌ಸಿ), ಹಸಿರು ಬಟನ್ (ಒತ್ತಿದರೆ ದಾರಿ ಕೂಡಿಸುವ ಎನ್‌ಒ), ಕಾಯಿಲಿನ ಒಂದು ತುದಿ ಎ1. ಇನ್ನೊಂದು ತುದಿ ಎ2ರಿಂದ ನ್ಯೂಟ್ರಲಿಗೆ. ಹಸಿರು ಬಟನ್ನಿಗೆ ಸಮಾನಾಂತರವಾಗಿ ಕಾಂಟ್ಯಾಕ್ಟರಿನ ಹೋಲ್ಡ್ ಆನ್ ಕಾಂಟ್ಯಾಕ್ಟ್ 13-14. ಕರೆಂಟ್ ಕೊಡುವ ಮುಂಚೆ ಫೇಸ್ ಮತ್ತು ನ್ಯೂಟ್ರಲ್ ತುದಿಗಳಿಗೆ ಮೀಟರ್ ಇಟ್ಟು ಹಸಿರು ಬಟನ್ ಒತ್ತಿದರೆ ಕಾಯಿಲಿನ ಕೆಲವು ನೂರು ಓಮ್ ಕಾಣಬೇಕು. ಸೊನ್ನೆ ಬಂದರೆ ಶಾರ್ಟ್, ಏನೂ ಬಾರದಿದ್ದರೆ ಎಲ್ಲೋ ದಾರಿ ತುಂಡಾಗಿದೆ. ಬಟನ್ ಬಿಟ್ಟು ಕಾಂಟ್ಯಾಕ್ಟರನ್ನೇ ಬೆರಳಲ್ಲಿ ಒತ್ತಿದರೂ ಅದೇ ಓಮ್ ಬಂದರೆ 13-14 ಸರಿ ಇದೆ. ಒತ್ತುವ ಮುಂಚೆ ಊಹೆಯನ್ನು ಬರೆದಿಡಬೇಕು. ಊಹೆ ತಪ್ಪಾದರೆ ಅಂಕ ಕಳೆಯುವುದಿಲ್ಲ, ಊಹೆಯನ್ನೇ ಬರೆಯದಿದ್ದರೆ ಮೀಟರ್ ಸಿಗುವುದಿಲ್ಲ.

ವಾರ 4
ಬೆಳಗಿನ ದೋಷ, ಅಂದರೆ ಬೋರ್ಡಿನಲ್ಲಿ ಬೇಕೆಂದೇ ಹಾಕಿದ ದೋಷ ಹುಡುಕುವ ಕೆಲಸ, ಶುರುವಾಯಿತು. ದಿನಕ್ಕೊಂದು, 15 ನಿಮಿಷ. ಭಾಗಮಂಡಲ, ನಾಪೋಕ್ಲು ಕಡೆಯ ಬಸ್ಸುಗಳು ಬಂದ ಮೇಲೆಯೇ ಆರಂಭ. ಬಸ್ಸು ತಡವಾದದ್ದಕ್ಕೆ ಮಕ್ಕಳನ್ನು ಬೈದರೆ ಅವರು ಮಾರನೆಯ ದಿನ ಬರುವುದನ್ನೇ ಬಿಡುತ್ತಾರೆ.

ಇದುವರೆಗೆ ಹಾಕಿದ ದೋಷಗಳಲ್ಲಿ ಸುಲಭದ್ದು 13-14ರ ವೈರ್ ಬಿಚ್ಚಿಡುವುದು: ಹಸಿರು ಬಟನ್ ಒತ್ತಿದಷ್ಟು ಹೊತ್ತು ಓಡುತ್ತದೆ, ಬಿಟ್ಟರೆ ನಿಲ್ಲುತ್ತದೆ. ಎರಡು ನಿಮಿಷದಲ್ಲಿ ಸಿಕ್ಕಿತು. 95-96ರ ಬದಲು 97-98ಕ್ಕೆ (ಟ್ರಿಪ್ ಆದಾಗ ಮಾತ್ರ ಕೂಡುವ ಕಾಂಟ್ಯಾಕ್ಟ್) ಕೊಟ್ಟದ್ದು ಸ್ವಲ್ಪ ಸತಾಯಿಸಿತು. ಹೋಲ್ಡ್ ಆನ್ ವೈರನ್ನು ಕೆಂಪು ಬಟನ್ನಿಗಿಂತ ಮೊದಲೇ ತೆಗೆದುಕೊಂಡದ್ದು ಹೆಚ್ಚು ಮಾತಾಡಿಸಿತು. ಮೋಟರ್ ಏಳುತ್ತದೆ, ಕೆಂಪು ಒತ್ತಿದರೆ ನಿಲ್ಲುವುದೇ ಇಲ್ಲ. ಎಲ್ಲರ ಕೈಯೂ ಎಂಸಿಬಿಗೆ ಓಡಿತು, ಅದೇ ಸರಿಯಾದ ಅಭ್ಯಾಸ.

ಅತಿ ಕಷ್ಟದ್ದು ಬೇರೆಯೇ. ವೈರಿನ ಸಿಪ್ಪೆ ಸಾಕಷ್ಟು ಸುಲಿಯದೆ, ಸ್ಕ್ರೂವನ್ನು ಪಿವಿಸಿ ಮೇಲೆಯೇ ಬಿಗಿದಿಡಲಾಗಿತ್ತು. ನೋಡಿದರೆ ಸರಿ, ಎಳೆದರೆ ಗಟ್ಟಿ. ಎರಡು ತುದಿಯ ಸ್ಕ್ರೂ ತಲೆಗಳಿಗೆ ಮೀಟರ್ ಇಟ್ಟಾಗ ಮಾತ್ರ ದಾರಿಯಿಲ್ಲ. ಐದರಲ್ಲಿ ಎರಡು ಗುಂಪು 15 ನಿಮಿಷದಲ್ಲಿ ಹಿಡಿದವು. ಉಳಿದ ಮೂರು ಗುಂಪಿನವರು ಬಟನ್, ರಿಲೇ ಎಲ್ಲ ಬಿಚ್ಚಿ ಸುಸ್ತಾಗಿ ಕೈಕಟ್ಟಿ ಕೂತರು. ಒಂದು ಬೋರ್ಡಿಗೆ ಒಂದೇ ದೋಷ, ಅದೂ ಹತ್ತು ನಿಮಿಷದ ಹೊತ್ತಿಗೆ "ದೋಷ ಎಡಭಾಗದಲ್ಲಿದೆ" ಎಂಬಷ್ಟು ಸುಳಿವು ಕೊಡುವುದು ಎಂದು ತಿದ್ದಿಕೊಳ್ಳಲಾಯಿತು.

ಯಾರು ಮೊದಲು ಎಂಬ ಸ್ಪರ್ಧೆ ಒಂದೇ ದಿನಕ್ಕೆ ನಿಂತಿತು. ಆತುರಕ್ಕೆ ಬಿದ್ದವರು ಸ್ಕ್ರೂ ಅರ್ಧ ತಿರುಗಿಸಿ ಬಿಟ್ಟಿದ್ದರು.

ವಾರ 7
ನಾಲ್ಕನೇ ಬೋರ್ಡಿನ ಕಾಂಟ್ಯಾಕ್ಟರ್ ಗುರ್ರೆನ್ನುತ್ತಿದೆ, ಪೂರ್ತಿ ಎಳೆಯುತ್ತಿಲ್ಲ. ಇದು ಹಾಕಿದ ದೋಷವಲ್ಲ. ಕಾಯಿಲ್ 415 ವೋಲ್ಟಿನದು, ಕೊಟ್ಟದ್ದು 240. ಬದಿಯ ಸಣ್ಣ ಅಕ್ಷರ ಓದಿ ಹೇಳಿದವಳು ಅಲ್ಲಿಯವರೆಗೆ ತರಗತಿಯಲ್ಲಿ ಬಾಯೇ ತೆರೆಯದವಳು. ಇದೇ ತಪ್ಪು ತಿರುಗುಮುರುಗಾಗಿ, 240ರ ಕಾಯಿಲಿಗೆ ಎರಡು ಫೇಸ್ ನಡುವಿನ 415 ಕೊಟ್ಟಿದ್ದರೆ ಕಾಯಿಲೇ ಸುಡುತ್ತಿತ್ತು.

ವಾರ 9
ಒಂದು ಫೇಸ್ ಹೋಗುವ ಪಾಠ. ಮರ ಬಿದ್ದು ಲೈನ್ ತುಂಡಾಗುವ ಊರಿನಲ್ಲಿ ಇದನ್ನು ಕಣ್ಣಾರೆ ನೋಡಬೇಕು. ಮೋಟರ್ ಲೋಡಿಲ್ಲದೆ ಓಡುತ್ತಿರುವಾಗ, ಪ್ರತಿ ಫೇಸಿಗೂ ಇರುವ ಐಸೊಲೇಟರಿನಲ್ಲಿ ಬೋಧಕರೇ ಒಂದನ್ನು ತೆಗೆಯಬೇಕು. ಕಾಯಿಲ್ ಕೆಂಪು ಫೇಸಿನಲ್ಲಿದ್ದರೆ ಹಳದಿ ಅಥವಾ ನೀಲಿಯನ್ನು ತೆಗೆಯಬೇಕು, ಇಲ್ಲದಿದ್ದರೆ ಕಾಂಟ್ಯಾಕ್ಟರ್ ಬಿಟ್ಟುಕೊಂಡು ಪಾಠವೇ ಮುಗಿಯಬಹುದು. ಮೋಟರ್ ನಿಲ್ಲಲಿಲ್ಲ, ಸದ್ದು ಮಾತ್ರ ಬದಲಾಯಿತು. ಕ್ಲ್ಯಾಂಪ್ ಮೀಟರಿನಲ್ಲಿ ಉಳಿದೆರಡು ಫೇಸಿನ ಕರೆಂಟ್ ಏರಿತು. ಪೂರ್ತಿ ಲೋಡಿದ್ದರೆ ಅದು ಸುಮಾರು 1.7 ಪಟ್ಟು. ನಿಲ್ಲಿಸಿ ಮತ್ತೆ ಒತ್ತಿದಾಗ ಏಳದೆ ಗುಯ್‌ಗುಟ್ಟಿತು. ಎರಡು ಸೆಕೆಂಡಿಗೆ ಬಂದ್.

ರಿಲೇಯನ್ನು ನೇಮ್‌ಪ್ಲೇಟಿನ ಆಂಪಿಯರಿಗೇ ಇಡಬೇಕು. "ಪದೇ ಪದೇ ಟ್ರಿಪ್ ಆಗುತ್ತದೆ" ಎಂದು ತಿರುಗಿಸಿ ಮೇಲೇರಿಸಿದ ರಿಲೇಗಳಿಂದ ತೋಟದ ಮೋಟರುಗಳು ಸುಡುತ್ತವೆ ಎಂಬ ಮಾತಿಗೆ ಆ ದಿನ ಯಾರೂ ಎದುರಾಡಲಿಲ್ಲ.

ವಾರ 12, ಹುತ್ತರಿ (ಕೊಡಗಿನ ಭತ್ತದ ಸುಗ್ಗಿ ಹಬ್ಬ) ಹತ್ತಿರ
ಅರೇಬಿಕಾ ಕೊಯ್ಲು, ಹಾಜರಿ ಕುಸಿದಿದೆ. ಕೂಲಿ ಕೈಗೆ ಸಿಗುವ ದಿನಗಳಿವು, ಉಪದೇಶ ಕೆಲಸ ಮಾಡುವುದಿಲ್ಲ. ತಪ್ಪಿಸಿಕೊಂಡವರಿಗೆ ಒಂದೇ ಕೆಲಸ: ತೋಟದ ಮೋಟರಿನ ನೇಮ್‌ಪ್ಲೇಟ್ ಫೋಟೊ ತರಬೇಕು. ಎಚ್‌ಪಿ, ವೋಲ್ಟ್, ಆಂಪಿಯರ್, ಸ್ಟಾರ್ ಅಥವಾ ಡೆಲ್ಟಾ (ವೈಂಡಿಂಗ್ ಜೋಡಣೆಯ ಬಗೆ) ಓದಿ ಬರೆಯಬೇಕು. ಸ್ಟಾರ್ಟರ್ ಮುಚ್ಚಳ ಮಾತ್ರ ತೆರೆಯಕೂಡದು. ಈವರೆಗೆ ಒಂಬತ್ತು ಫೋಟೊ ಬಂದಿವೆ, ಮೂರರಲ್ಲಿ ಸುಣ್ಣ ಬಳಿದು ಅಕ್ಷರ ಮುಚ್ಚಿದೆ.

ಬಾಕಿ: ನಾಲ್ಕನೇ ಬೋರ್ಡಿಗೆ 240ರ ಕಾಯಿಲ್, ಎರಡನೆಯದಕ್ಕೆ ಹೊಸ ಹಸಿರು ಬಟನ್, ಒಂದು ಫೇಸ್ ಹೋದರೆ ಮೋಟರ್ ನಿಲ್ಲಿಸುವ ಸಿಂಗಲ್ ಫೇಸ್ ಪ್ರಿವೆಂಟರ್ ಒಂದು. ಜನವರಿಯಲ್ಲಿ ದೋಷ ಹಾಕುವ ಸರದಿ ಮಕ್ಕಳದು, ಹುಡುಕುವ ಸರದಿ ಬೋಧಕರದು. ಪಟ್ಟಿ ಈಗಲೇ ಗುಟ್ಟಾಗಿ ತಯಾರಾಗುತ್ತಿದೆ.