‘ರೂಢಿಯಾಗುತ್ತದೆ’ ಎಂಬ ಸಲಹೆ

ಯಾದಗಿರಿ
14 ಜುಲೈ 2025, ಸೋಮವಾರ

ಇಂದು ನಮ್ಮ ಶಾಲೆಯ ಪೋಷಕರ ಸಭೆಯಲ್ಲಿ ಇಬ್ಬರು ತಾಯಂದಿರು ‘ಮಗುವಿಗೆ ಅಲರ್ಜಿ’ ಎಂದರು. ಒಬ್ಬರ ಮಗಳಿಗೆ ಶಾಲೆಯ ಹಾಲು ಕುಡಿದರೆ ಹೊಟ್ಟೆ ಉಬ್ಬರಿಸಿ ಭೇದಿಯಾಗುತ್ತದೆ. ಇನ್ನೊಬ್ಬರ ಮಗನಿಗೆ ಮೊಟ್ಟೆ ತಿಂದ ಸ್ವಲ್ಪ ಹೊತ್ತಿನಲ್ಲೇ ತುಟಿ ಊದಿ, ಮೈತುಂಬ ಗಂಧೆ ಎದ್ದು, ವಾಂತಿಯಾಗಿದೆ. ಅಜ್ಜಿ ಪಿತ್ತವೆಂದು ಕಂಬಳಿಯಿಂದ ಮೈ ತಿಕ್ಕಿದರಂತೆ.

ಹಿರಿಯರೊಬ್ಬರು ಇಬ್ಬರಿಗೂ ಒಂದೇ ಸಲಹೆ ಕೊಟ್ಟರು: “ಸ್ವಲ್ಪ ಸ್ವಲ್ಪ ಕೊಡುತ್ತಾ ಹೋಗಿ, ರೂಢಿಯಾಗುತ್ತದೆ.” ನನಗೆ ಎದೆ ಧಸಕ್ಕೆಂದಿತು. ಹುಡುಗಿಯ ಮಟ್ಟಿಗೆ ಅದು ಸರಿಯಿರಬಹುದು. ಹುಡುಗನ ಜೀವಕ್ಕೇ ಅದು ಅಪಾಯ.

ಹಾಲಿನ ಸಕ್ಕರೆಯಾದ ಲ್ಯಾಕ್ಟೋಸನ್ನು ಒಡೆಯುವ ಕಿಣ್ವ ಸಣ್ಣ ಕರುಳಿನಲ್ಲಿ ಸಾಲದಾದಾಗ, ಅದು ದೊಡ್ಡ ಕರುಳಿಗೆ ಇಳಿದು ಬ್ಯಾಕ್ಟೀರಿಯಾಗಳಿಂದ ಹುದುಗುತ್ತದೆ, ವಾಯು ತುಂಬುತ್ತದೆ. ಹುಡುಗಿಯ ಲಕ್ಷಣಗಳು ಇದನ್ನೇ ಹೇಳುತ್ತವೆ. ಇಂಥವರಲ್ಲಿ ಹಲವರಿಗೆ ಊಟದೊಂದಿಗೆ ಸ್ವಲ್ಪ ಹಾಲು ಒಗ್ಗುತ್ತದೆ, ಮೊಸರು ಇನ್ನೂ ಸುಲಭ. ಆ ತಾಯಿ ತುಪ್ಪವನ್ನೂ ಬಿಡಿಸಿಬಿಟ್ಟಿದ್ದಾರೆ. ರೊಟ್ಟಿಗೆ ಮೊಸರೂ ಇಲ್ಲದೆ ಆ ಮಗು ಉಣ್ಣುತ್ತಿದೆಯಲ್ಲ ಎಂದು ಸಂಕಟವಾಯಿತು.

ಹುಡುಗನದು ಬೇರೆಯೇ ಕಥೆ. ಅಲ್ಲಿ ಮೊಟ್ಟೆಯ ಪ್ರೋಟೀನನ್ನು ದೇಹದ ರಕ್ಷಣಾ ವ್ಯವಸ್ಥೆಯೇ ಶತ್ರುವೆಂದು ಗುರುತಿಟ್ಟುಕೊಂಡಿರುತ್ತದೆ. ಐಜಿಇ ಎಂಬ ಬಗೆಯ ಪ್ರತಿಕಾಯಗಳ ಪ್ರೇರಣೆಯಿಂದ, ಊತ-ತುರಿಕೆ ತರುವ ಹಿಸ್ಟಮಿನ್ ಎಂಬ ರಾಸಾಯನಿಕ ಹೊಮ್ಮುತ್ತದೆ. ಹಿಂದಿನ ಸಲ ಇಷ್ಟಕ್ಕೇ ನಿಂತಿತ್ತು ಎಂಬ ಧೈರ್ಯ ಮುಂದಿನ ಸಲಕ್ಕೆ ಸಾಲದು. ಉಸಿರು ಕಟ್ಟಿದರೆ ತೊಡೆಗೆ ಕೊಡುವ ಅಡ್ರಿನಲಿನ್ ಚುಚ್ಚುಮದ್ದೇ ಬೇಕು. ಅಲರ್ಜಿಗೆ ನುಂಗುವ ಸೆಟ್ರಿಜಿನ್ ಮಾತ್ರೆ ತುರಿಕೆ ಇಳಿಸಬಹುದು, ಮುಚ್ಚುತ್ತಿರುವ ಗಂಟಲನ್ನು ತೆರೆಯುವುದಿಲ್ಲ. ಇದನ್ನು ಸಭೆಯಲ್ಲಿ ಮತ್ತೆ ಮತ್ತೆ ಹೇಳಿದೆ.

“ರೋಗನಿರೋಧಕ ಶಕ್ತಿ ಕಡಿಮೆ, ಕಷಾಯ ಕುಡಿಸಿ” ಎಂದರು ಮತ್ತೊಬ್ಬರು. ಆ ಶಕ್ತಿ ದುರ್ಬಲವಾದ್ದರಿಂದ ಅಲರ್ಜಿ ಬರುವುದಿಲ್ಲ. ನಿರುಪದ್ರವಿಯ ಮೇಲೆ ಅದು ಎರಗುವುದೇ ಇಲ್ಲಿನ ತೊಂದರೆ. ಖಾಸಗಿ ಪ್ರಯೋಗಾಲಯವೊಂದರ ಕರಪತ್ರವೂ ಕೈಯಿಂದ ಕೈಗೆ ಹೋಯಿತು: ಒಂದೇ ರಕ್ತಪರೀಕ್ಷೆಯಲ್ಲಿ ಒಗ್ಗದ ಆಹಾರಗಳೆಲ್ಲ ತಿಳಿಯುತ್ತವಂತೆ. ಅದು ಅಳೆಯುವುದು ಐಜಿಇಯನ್ನಲ್ಲ, ಐಜಿಜಿ ಎಂಬ ಬೇರೆ ಬಗೆಯ ಪ್ರತಿಕಾಯವನ್ನು. ನಾವು ತಿನ್ನುವ ಆಹಾರಕ್ಕೆ ದೇಹದಲ್ಲಿ ಐಜಿಜಿ ಇರುವುದು ಸಹಜ. ಆ ಪಟ್ಟಿ ನಂಬಿ ತೊಗರಿ, ಶೇಂಗಾ ಎಲ್ಲವನ್ನೂ ಬಿಡಿಸಿದರೆ ನಮ್ಮ ಮಕ್ಕಳು ತಿನ್ನುವುದೇನನ್ನು?

ಮೊಟ್ಟೆಯನ್ನೇ ನಿಲ್ಲಿಸಿ ಎಂದವರೂ ಇದ್ದರು. ಖಂಡಿತ ಒಪ್ಪಲಿಲ್ಲ. 2021ರ ಡಿಸೆಂಬರಿನಲ್ಲಿ ಶಾಲೆಗಳಲ್ಲಿ ಮೊಟ್ಟೆ ಆರಂಭವಾದದ್ದೇ ನಮ್ಮಂಥ ಜಿಲ್ಲೆಗಳಲ್ಲಿನ ಅಪೌಷ್ಟಿಕತೆ ಕಂಡು. ಒಬ್ಬನಿಗೆ ಆಗದೆಂದು ಉಳಿದವರ ತಟ್ಟೆಯಿಂದ ಕಸಿಯಬಾರದು; ಅವನಿಗೆ ಬಾಳೆಹಣ್ಣು ಇದ್ದೇ ಇದೆ.

ಹುಡುಗನನ್ನು ಜಿಲ್ಲಾ ಆಸ್ಪತ್ರೆಯ ಮಕ್ಕಳ ವೈದ್ಯರಿಗೆ ತೋರಿಸಲು ತಾಯಿ ಒಪ್ಪಿದ್ದಾರೆ. ಅವನ ಹೆಸರು, ಲಕ್ಷಣ, 108 ಸಂಖ್ಯೆ ಬರೆದು ಅಡುಗೆಮನೆಯ ಗೋಡೆಗೆ ಅಂಟಿಸಿದ್ದೇನೆ. ಮೊಟ್ಟೆ ಸುಲಿದ ಕೈಯನ್ನು ಸೋಪಿನಿಂದ ತೊಳೆಯದೆ ಅವನಿಗೆ ಏನನ್ನೂ ಬಡಿಸಬಾರದೆಂದು ನಾಳೆ ಅಡುಗೆಯವರಿಗೆ ಹೇಳಬೇಕು.