ಹೊಳೆ ತಿಳಿಯಾಗುವ ಮೊದಲು ಹರಿಗೋಲಿನ ಕೆಲಸ

ಹುಬ್ಬಿ ಮಳೆ ಕಳೆದು ಉತ್ತರಿ ಮಳೆ ಹುಟ್ಟುವ ಹೊತ್ತಿಗೆ ತುಂಗಭದ್ರೆಯ ಕೆಂಪು ನೀರು ಸ್ವಲ್ಪಸ್ವಲ್ಪವೇ ತಿಳಿಯಾಗತೊಡಗುತ್ತದೆ. ಚೌಡಯ್ಯದಾನಪುರದಿಂದ ಕೆಳಗೆ, ವರದಾ ನದಿ ಬಂದು ಸೇರುವ ಗಳಗನಾಥದವರೆಗಿನ ದಂಡೆಯ ಊರುಗಳಲ್ಲಿ ಆಗ ಎಲ್ಲರ ಕಣ್ಣೂ ಹೊಳೆಯ ಮೇಲೆ ಇರುತ್ತದೆ. ಹೊಲದಲ್ಲಿ ಗೋವಿನಜೋಳ ತೆನೆ ಕಟ್ಟಿರುತ್ತದೆ, ಹತ್ತಿಯ ಗಿಡಕ್ಕೆ ಎಡೆ ಹೊಡೆಯುವ ಕೆಲಸ ಮುಗಿದಿರುತ್ತದೆ, ಕೈಗೆ ಒಂದಿಷ್ಟು ಬಿಡುವು ಸಿಕ್ಕಿರುತ್ತದೆ. ಈ ಬಿಡುವಿನಲ್ಲಿ ನಮ್ಮ ಮನೆಯ ಹಿತ್ತಲಿನಲ್ಲಿ ನಡೆಯುವ ಹರಿಗೋಲಿನ ದುರಸ್ತಿಯ ಬಗ್ಗೆ ಬರೆಯಬೇಕೆಂದು ಬಹಳ ದಿನಗಳಿಂದ ಅಂದುಕೊಂಡಿದ್ದೆ. ಮೀನು ಹಿಡಿಯುವುದೆಂದರೆ ಬಲೆ ಬೀಸುವುದು ಎಂದಷ್ಟೇ ತಿಳಿದವರು ಹೆಚ್ಚು. ಬಲೆ ನೀರಿಗೆ ಬೀಳುವುದಕ್ಕೆ ಮೊದಲು ದಂಡೆಯ ಮೇಲೆ ಆಗಬೇಕಾದ ಕೆಲಸವೇ ಇಡೀ ಹಂಗಾಮನ್ನು ನಿರ್ಧರಿಸುತ್ತದೆ ಎಂಬುದು ನನ್ನ ದೃಢವಾದ ನಂಬಿಕೆ.

ಮಿರಗದ ಮಳೆ ಬೀಳುವ ಮುಂಚೆಯೇ ಹರಿಗೋಲನ್ನು ಹೊಳೆಯಿಂದ ಮೇಲಕ್ಕೆ ತಂದು ಬೋರಲು ಹಾಕುವುದು ನಮ್ಮಲ್ಲಿ ಹಿಂದಿನಿಂದ ಬಂದ ಪದ್ಧತಿ. ಪ್ರವಾಹದ ಭಯ ಅದಕ್ಕೆ ಒಂದು ಕಾರಣ, ಮೀನಿನ ಸಂತಾನ ಇನ್ನೊಂದು ಕಾರಣ. ಕಟ್ಲಾ, ರೋಹು, ಮೃಗಾಲ ಮೀನುಗಳು ಮುಂಗಾರಿನ ಹೊಸ ನೀರು ಬಂದಾಗ ದಂಡೆಯ ಮೇಲೆ ಹರಡಿದ ಆಳವಿಲ್ಲದ ನೀರಿಗೆ ಬಂದು ಮೊಟ್ಟೆ ಬಿಡುತ್ತವೆ. ಒಂದೊಂದು ಹೆಣ್ಣು ಮೀನಿನ ಹೊಟ್ಟೆಯಲ್ಲಿ ಲಕ್ಷಗಟ್ಟಲೆ ಮೊಟ್ಟೆಗಳಿರುತ್ತವೆ. ಆಗ ಹಿಡಿದ ಒಂದು ಮೀನು ಮುಂದಿನ ವರ್ಷಗಳ ಎಷ್ಟು ಮೀನುಗಳನ್ನು ತನ್ನೊಡನೆ ಒಯ್ಯುತ್ತದೆ ಎಂಬುದನ್ನು ಯಾರಾದರೂ ಲೆಕ್ಕ ಹಾಕಬಹುದು. ಕೆರೆಯ ಮಾತು ಬೇರೆ. ಈ ಜಾತಿಯ ಮೀನುಗಳು ನಿಂತ ನೀರಿನಲ್ಲಿ ತಾವಾಗಿ ಮರಿ ಮಾಡುವುದಿಲ್ಲವಾದ್ದರಿಂದ ಹಾವೇರಿಯ ಹೆಗ್ಗೇರಿಯಂಥ ಕೆರೆಗಳಿಗೆ ಹೊರಗಿನಿಂದ ಮರಿ ತಂದು ಬಿಡಬೇಕಾಗುತ್ತದೆ. 1957ರ ಜುಲೈ 10ರಂದು ಒಡಿಶಾದ ಅಂಗುಲ್‌ನಲ್ಲಿ ಹೀರಾಲಾಲ್ ಚೌಧುರಿ ಅವರು ಪಿಟ್ಯುಟರಿ ಗ್ರಂಥಿಯ ಸತ್ವವನ್ನು ಚುಚ್ಚಿ ಈ ಗೆಂಡೆ ಮೀನುಗಳಿಂದ ಮೊಟ್ಟೆ ಬಿಡಿಸಿದ ಮೇಲೆಯೇ ಕೆರೆಗಳಿಗೆ ಬೇಕಾದಷ್ಟು ಮರಿ ಸಿಗುವ ದಾರಿ ತೆರೆಯಿತು. ಹೊಳೆಗೆ ಇಂಥ ಉಪಾಯ ಸಾಲದು. ಹೊಳೆಯ ಮೀನು ಉಳಿಯಬೇಕಾದರೆ ಮಳೆಗಾಲದಲ್ಲಿ ಬಲೆ ಮನೆಯಲ್ಲೇ ಇರಬೇಕು. ಹೊಸ ನೀರಿಗೆ ಏರಿ ಬರುವ ಮೀನನ್ನು ಹಳ್ಳದ ಬಾಯಲ್ಲಿ ಬಲೆ ಕಟ್ಟಿ ಬಾಚಿಕೊಳ್ಳುವವರನ್ನು ಕಂಡಾಗ ನನಗೆ ಸಂಕಟವಾಗುತ್ತದೆ, ಅದನ್ನು ಅವರ ಮುಂದೆಯೇ ಹೇಳಿದ್ದೇನೆ.

ನಮ್ಮದು ಎಂಟು ಅಡಿ ಅಗಲದ ಹರಿಗೋಲು. ಇಬ್ಬರು ಕುಳಿತು ಬಲೆ ಬಿಡುವುದಕ್ಕೆ ತಕ್ಕಷ್ಟು ಜಾಗವಿದೆ, ಒಬ್ಬರೇ ಬೆನ್ನ ಮೇಲೆ ಹೊತ್ತು ದಂಡೆ ಏರಬಹುದಾದಷ್ಟು ಹಗುರವಾಗಿಯೂ ಇದೆ. ಈ ರೂಪ ಇದೇ ಹೊಳೆಯ ಮೇಲೆ ಶತಮಾನಗಳಿಂದ ನಡೆದು ಬಂದಿದೆ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್, ಆನೆಗೊಂದಿಯ ಬಳಿ ಜನರು ದುಂಡು ದೋಣಿಗಳಲ್ಲಿ ಹೊಳೆ ದಾಟುವುದನ್ನು ಕಂಡು, ಅವುಗಳ ಒಳಗೆ ಬೆತ್ತದ ಹೆಣಿಗೆಯೂ ಹೊರಗೆ ಚರ್ಮದ ಹೊದಿಕೆಯೂ ಇದ್ದುದನ್ನು, ಅವು ನೇರವಾಗಿ ಹೋಗದೆ ಸುತ್ತುತ್ತಲೇ ಸಾಗುವುದನ್ನು, ಕುದುರೆ ಎತ್ತುಗಳೂ ಅವುಗಳಲ್ಲಿ ದಾಟುತ್ತಿದ್ದುದನ್ನು ಬರೆದಿಟ್ಟಿದ್ದಾನೆ. ಅದಕ್ಕೂ ನಾಲ್ಕು ಶತಮಾನ ಹಿಂದೆ, ಇದೇ ದಂಡೆಯ ಮೇಲೆ ದೋಣಿ ನಡೆಸುತ್ತಿದ್ದ ಶರಣ ಅಂಬಿಗರ ಚೌಡಯ್ಯನವರು ತಮ್ಮ ಕಾಯಕದ ಹೆಸರನ್ನೇ ವಚನಗಳ ಅಂಕಿತವಾಗಿ ಇಟ್ಟುಕೊಂಡರು. ಚರ್ಮದ ಜಾಗಕ್ಕೆ ಈಗ ಗೊಬ್ಬರದ ಚೀಲ, ಪ್ಲಾಸ್ಟಿಕ್ ತಾಡಪತ್ರಿ, ಡಾಂಬರು ಬಂದಿವೆ. ಬಿದಿರಿನ ಹೆಣಿಗೆ ಮಾತ್ರ ಹಾಗೆಯೇ ಇದೆ.

ದುರಸ್ತಿಯ ಮೊದಲ ಕೆಲಸ ಪರೀಕ್ಷೆ. ನನ್ನ ಕಾಕಾ ಇದಕ್ಕೆ ನೆತ್ತಿಯ ಮೇಲೆ ಬಿಸಿಲಿರುವ ಹೊತ್ತನ್ನೇ ಆರಿಸಿಕೊಳ್ಳುತ್ತಾರೆ. ಬೋರಲು ಹಾಕಿದ ಹರಿಗೋಲಿನ ಒಂದು ಅಂಚಿಗೆ ಕಲ್ಲು ಕೊಟ್ಟು ಎತ್ತರಿಸಿ, ಅದರ ಕೆಳಗೆ ನುಸುಳಿ ಕುಳಿತರೆ ಒಳಗೆಲ್ಲ ಕತ್ತಲೆ, ಉಸಿರುಗಟ್ಟಿಸುವ ಸೆಖೆ, ಹಳೆಯ ಡಾಂಬರಿನ ವಾಸನೆ. ಹೆಣಿಗೆಯ ಸಂದುಗಳಲ್ಲಿ ಹೋದ ವರ್ಷದ ಮೀನಿನ ಪೊರೆಗಳು ಒಣಗಿ ಅಂಟಿಕೊಂಡಿರುತ್ತವೆ. ಕಣ್ಣು ಕತ್ತಲೆಗೆ ಹೊಂದಿಕೊಂಡ ಮೇಲೆ, ಡಾಂಬರು ಸೀಳಿದ ಕಡೆ, ಚೀಲ ತೂತಾದ ಕಡೆ ಬೆಳಕಿನ ಚುಕ್ಕಿಗಳು ಒಂದೊಂದಾಗಿ ಕಾಣತೊಡಗುತ್ತವೆ. ಒಳಗಿದ್ದವರು ಆ ಜಾಗವನ್ನು ಬೆರಳಿನಿಂದ ತಟ್ಟಬೇಕು, ಹೊರಗಿದ್ದವರು ಅಲ್ಲಿಗೆ ಸರಿಯಾಗಿ ಸೀಮೆಸುಣ್ಣದ ಗುರುತು ಹಾಕಬೇಕು. ಚುಕ್ಕಿಗಳು ಹೆಚ್ಚಾಗಿ ಸಿಗುವುದು ತಳ ಮೇಲೆದ್ದು ಗೋಡೆಯಾಗಿ ತಿರುಗುವ ಬಾಗಿನಲ್ಲಿ. ದಂಡೆಗೆ ಎಳೆಯುವಾಗ ಕಲ್ಲು ತಾಗುವುದು ಅಲ್ಲಿಯೇ, ಬಿದಿರು ಹೆಚ್ಚು ಬಾಗಿ ಬಿಗಿಯಾಗಿರುವುದೂ ಅಲ್ಲಿಯೇ.

ಬೆಳಕು ಬಾರದ ಕಡೆ ದೋಷವಿಲ್ಲ ಎಂದು ತಿಳಿಯಬಾರದು. ಬಿದಿರಿನ ಸೀಳುಗಳನ್ನು ಒಂದೊಂದಾಗಿ ಹೆಬ್ಬೆರಳಿನಿಂದ ಒತ್ತಿ ನೋಡಬೇಕು. ಒತ್ತಿದಾಗ ಪುಟಿದು ಮರಳುವ ಸೀಳು ಇನ್ನೊಂದು ಹಂಗಾಮಿಗೆ ಬಾಳುತ್ತದೆ, ಒತ್ತಿದ ಕಡೆ ಹಳದಿ ಹುಡಿ ಉದುರಿದರೆ ಹುಳ ಒಳಗೆ ಸೇರಿದೆ ಎಂದೇ ಅರ್ಥ, ಅದನ್ನು ಬಿಚ್ಚಿ ಹೊಸದನ್ನು ಹೆಣೆಯದೆ ಬೇರೆ ದಾರಿಯಿಲ್ಲ. ಬಿದಿರಿನಲ್ಲಿರುವ ಪಿಷ್ಟಕ್ಕೆ ಹುಳ ಬರುತ್ತದೆ. ಕಡಿದ ಬಿದಿರನ್ನು ಕೆಲವು ವಾರ ನೀರಿನಲ್ಲಿ ಮುಳುಗಿಸಿಟ್ಟರೆ ಆ ಸತ್ವ ಬಹುಮಟ್ಟಿಗೆ ನೀರಿಗೆ ಬಿಟ್ಟುಹೋಗುತ್ತದೆ, ಹುಳದ ಕಾಟ ಕಡಿಮೆಯಾಗುತ್ತದೆ. ಅಮಾವಾಸ್ಯೆಯ ಮುಂಚಿನ ದಿನಗಳಲ್ಲಿ ಕಡಿದ ಬಿದಿರಿಗೆ ಹುಳ ಹತ್ತುವುದಿಲ್ಲ ಎಂದು ನಮ್ಮ ಹಿರಿಯರು ನಂಬಿದ್ದರು, ಕಾಕಾ ಇಂದಿಗೂ ಅದನ್ನು ತಪ್ಪಿಸುವುದಿಲ್ಲ. ನಾನಂತೂ ನೀರಿನಲ್ಲಿ ನೆನೆಸುವುದಕ್ಕೆ ಹೆಚ್ಚು ಬೆಲೆ ಕೊಡುತ್ತೇನೆ. ನಮಗೆ ಬಿದಿರು ಹಾನಗಲ್ಲ ಕಡೆಯಿಂದ ಬರುತ್ತದೆ. ಅದನ್ನು ಸೀಳಿ ಕೊಡುವ ಮೇದಾರ ಮನೆತನದ ಹಿರಿಯರೊಬ್ಬರು ಗುತ್ತಲದ ಸಂತೆಗೆ ಬುಟ್ಟಿ, ಮೊರ ತರುವವರು. ಗಣ್ಣಿನ ಮೇಲೆ ಕತ್ತಿ ಇಟ್ಟು ಒಂದು ಏಟು ಹಾಕಿ, ಆಮೇಲೆ ಕತ್ತಿಯನ್ನು ಅಲ್ಲಿಯೇ ತಿರುಚುತ್ತ ಇಡೀ ಗಳವನ್ನು ಒಂದೇ ಅಗಲದ ಸೀಳುಗಳಾಗಿ ಒಡೆಯುವ ಅವರ ಕೈಯನ್ನು ನೋಡುತ್ತ ನಿಂತರೆ ಹೊತ್ತು ಹೋದದ್ದು ತಿಳಿಯುವುದಿಲ್ಲ.

ಹೊಸ ಸೀಳನ್ನು ಹಾಕುವಾಗ ಸಿಪ್ಪೆಯ ಮುಖ ಹೊರಗೆ ಬರಬೇಕು. ಬಿದಿರಿನ ಗಟ್ಟಿತನವೆಲ್ಲ ಸಿಪ್ಪೆಯ ಹತ್ತಿರದಲ್ಲೇ ಇರುತ್ತದೆ. ಬಾಗಿದಾಗ ಹೊರಮೈ ಹಿಗ್ಗುತ್ತದೆಯಾದ್ದರಿಂದ ಅಲ್ಲಿ ಗಟ್ಟಿ ಎಳೆ ಇಲ್ಲದಿದ್ದರೆ ಸೀಳು ಸಿಬಿರೆದ್ದು ಮುರಿಯುತ್ತದೆ. ಒಣ ಸೀಳನ್ನು ಬಾಗಿಸಲು ಹೋಗದೆ ಹಿಂದಿನ ರಾತ್ರಿಯೇ ಒದ್ದೆ ಮಾಡಿಟ್ಟು, ಹಳೆಯ ಹೆಣಿಗೆಯ ಮೇಲೊಂದು ಕೆಳಗೊಂದು ದಾಟಿಸಿ, ಬಾಯಿಯ ಅಂಚಿನಲ್ಲಿ ಬಿಗಿಯಾಗಿ ಕಟ್ಟಬೇಕು. ಅಂಚು ಸಡಿಲಾದ ಹರಿಗೋಲು ನೀರಿನಲ್ಲಿ ಆಕಾರ ಕಳೆದುಕೊಳ್ಳುತ್ತದೆ, ಭಾರ ಬಿದ್ದ ಕಡೆಗೆ ಬಾಗುತ್ತದೆ.

ಇಷ್ಟಾದ ಮೇಲೆ ಡಾಂಬರು. ಈ ಕೆಲಸಕ್ಕೆ ಎರಡು ದಿನ ಬಿಡದೆ ಬಿಸಿಲು ಬೇಕು. ಉತ್ತರಿ ಮಳೆಯ ನಡುವೆ ಅಂಥ ದಿನಗಳಿಗಾಗಿ ಕಾಯುವುದೇ ಇಡೀ ತಯಾರಿಯಲ್ಲಿ ಕಷ್ಟದ ಭಾಗ. ಹೊದಿಕೆಯ ಮೇಲೆ ತೇವ ಉಳಿದಿದ್ದರೆ ಡಾಂಬರಿನ ಕೆಳಗೆ ಗುಳ್ಳೆ ಏಳುತ್ತದೆ, ಗುಳ್ಳೆ ಒಡೆದ ಕಡೆ ನೀರು ಬರುತ್ತದೆ. ಹಿತ್ತಲಿನ ಮೂಲೆಯಲ್ಲಿ ಮೂರು ಕಲ್ಲು ಹೂಡಿ, ಹಳೆಯ ಕಬ್ಬಿಣದ ಡಬ್ಬಿಯಲ್ಲಿ ಡಾಂಬರಿನ ಗಟ್ಟಿಗಳನ್ನು ಹಾಕಿ ಸಣ್ಣ ಉರಿಯಲ್ಲಿ ಕರಗಿಸುತ್ತೇವೆ. ಉರಿ ಜೋರಾದರೆ ಡಾಂಬರು ಉಕ್ಕಿ ಹೊತ್ತಿಕೊಳ್ಳಬಹುದು, ಆದ್ದರಿಂದ ಮಕ್ಕಳನ್ನು ಆ ಕಡೆ ಬಿಡುವುದೇ ಇಲ್ಲ. ನೀರಲ್ಲ, ಮರಳು ತುಂಬಿದ ಬುಟ್ಟಿ ಪಕ್ಕದಲ್ಲಿ ಇರುತ್ತದೆ, ಏಕೆಂದರೆ ಕಾದ ಡಾಂಬರಿಗೆ ನೀರು ಬಿದ್ದರೆ ಅದು ಸಿಡಿಯುತ್ತದೆ. ಪೂರ್ತಿ ಕಾದ ಡಾಂಬರಿನ ಬಿಸಿಗೆ ಗೊಬ್ಬರದ ಚೀಲದ ಪ್ಲಾಸ್ಟಿಕ್ ಕರಗಿಬಿಡುತ್ತದೆಯಾದ್ದರಿಂದ ಇಳಿಸಿದ ಕೂಡಲೇ ಬಳಿಯುವಂತಿಲ್ಲ.

“ಕುದಿಯೂ ಡಾಂಬರ ಚೀಲಾ ಸುಡತೈತಿ, ಆರಿದ ಡಾಂಬರ ಚೀಲಾ ಹಿಡಿಯಂಗಿಲ್ಲ. ಕೋಲು ಎತ್ತಿ ನೋಡು ತಮ್ಮಾ, ಎಳಿ ಹರೀಬಾರದು,” ಎನ್ನುತ್ತಾರೆ ಕಾಕಾ.

ಕೋಲಿನ ತುದಿಯಿಂದ ಕಾಕವಿಯ ಹಾಗೆ ಎಳೆ ಬಿಡದೆ ಇಳಿಯುವ ಹದಕ್ಕೆ ಬಂದಾಗ, ಬಟ್ಟೆ ಸುತ್ತಿದ ಕೋಲನ್ನು ಅದರಲ್ಲಿ ಅದ್ದಿ, ತಳದ ನಡುವಿನಿಂದ ಅಂಚಿನ ಕಡೆಗೆ ಬಳಿಯುತ್ತಾರೆ. ಗುರುತು ಹಾಕಿದ ತೂತುಗಳ ಮೇಲೆ ಮೊದಲೇ ಚೀಲದ ತೇಪೆ ಇಟ್ಟು ಹೊಲಿದಿರುತ್ತದೆ. ಹೊಲಿಗೆಯ ಸಾಲಿನ ಮೇಲೆ ಎರಡು ಸಲ ಬಳಿಯಬೇಕು. ದಪ್ಪ ಬಳಿದಷ್ಟೂ ಭದ್ರ ಎಂದು ಕೆಲವರು ತಿಳಿದಿದ್ದಾರೆ. ಅದು ಸರಿಯಲ್ಲ. ದಪ್ಪ ಪದರು ಚಳಿಗಾಲದ ಬೆಳಗಿನಲ್ಲಿ ಬಿರುಸಾಗಿ, ಬಿದಿರು ಬಾಗಿದ ಕೂಡಲೇ ಬಿರಿಯುತ್ತದೆ. ತೂಕವೂ ಸುಮ್ಮನೆ ಹೆಚ್ಚುತ್ತದೆ. ತೆಳುವಾದ ಎರಡು ಪದರು, ಮೊದಲನೆಯದು ಪೂರ್ತಿ ಆರಿದ ಮೇಲೆ ಎರಡನೆಯದು, ಇದೇ ಸರಿಯಾದ ಕ್ರಮ.

ಫೈಬರ್ ಹರಿಗೋಲುಗಳು ಈಗ ಬಂದಿವೆ, ಅವುಗಳಿಗೆ ಈ ಕಷ್ಟವಿಲ್ಲ ಎಂಬುದು ನಿಜ. ನಿಂತ ನೀರಿನ ಕೆರೆಗೆ ಅವು ಒಪ್ಪುತ್ತವೆ. ಬಂಡೆಗಳಿರುವ ನಮ್ಮ ಹೊಳೆಯಲ್ಲಿ ಮಾತ್ರ ಬಿದಿರಿನ ತಳವೇ ವಾಸಿ ಎಂದು ನಾನು ಹೇಳುತ್ತೇನೆ, ಏಕೆಂದರೆ ಬಂಡೆಗೆ ತಾಗಿದಾಗ ಅದು ಒಳಕ್ಕೆ ಬಾಗಿ ಜಾರಿಕೊಳ್ಳುತ್ತದೆ. ಹರಿದರೂ ಊರಿನಲ್ಲಿಯೇ ಸಿಗುವ ಚೀಲ, ದಾರ, ಡಾಂಬರಿನಿಂದ ಅದೇ ದಿನ ಸರಿಪಡಿಸಬಹುದು.

ಬಲೆಯ ಕೆಲಸವನ್ನು ಅವ್ವ ಮತ್ತು ಕಾಕು ನೋಡಿಕೊಳ್ಳುತ್ತಾರೆ. ಹರಿದ ಕಣ್ಣುಗಳನ್ನು ನೈಲಾನ್ ದಾರದಿಂದ ಹೆಣೆಯುವುದು, ಕಳಚಿದ ಸೀಸದ ಗುಂಡುಗಳನ್ನು ಮತ್ತೆ ಪೋಣಿಸುವುದು, ಮೇಲಿನ ಹಗ್ಗಕ್ಕೆ ಬೆಂಡು ಕಟ್ಟುವುದು ಅವರ ಕೈಯಲ್ಲಿ ಬೇಗ ಮುಗಿಯುತ್ತದೆ. ಸಣ್ಣ ಕಣ್ಣಿನ ಬಲೆಯನ್ನು ನಮ್ಮ ಮನೆಗೆ ತರುವುದಿಲ್ಲ. ಬೆರಳುದ್ದದ ಮರಿಗಳನ್ನು ಹಿಡಿದು ಸಂತೆಯಲ್ಲಿ ಮಾರಿದರೆ ಬರುವ ಹಣ ಅಷ್ಟಕ್ಕಷ್ಟೇ, ಹೊಳೆಗೆ ಆಗುವ ನಷ್ಟ ದೊಡ್ಡದು. ದುರಸ್ತಿಗೆ ಬಾರದ ಬಲೆಯನ್ನು ಹೊಳೆಗೆ ಎಸೆಯದೆ ಹೊಲದ ಬೇಲಿಗೆ ಕಟ್ಟುತ್ತೇವೆ. ನೀರಿನಲ್ಲಿ ಬಿಟ್ಟ ನೈಲಾನ್ ಬಲೆ ಕೊಳೆಯುವುದಿಲ್ಲ, ಯಾರೂ ಎತ್ತದಿದ್ದರೂ ಅದು ಮೀನು ಕೊಲ್ಲುತ್ತಲೇ ಇರುತ್ತದೆ.

ಡಾಂಬರು ಆರಿದ ಮೇಲೆ ಹರಿಗೋಲನ್ನು ಮಡುವಿಗೆ ಒಯ್ದು, ಅರಿಸಿನ ಕುಂಕುಮ ಏರಿಸಿ, ಗಂಗಮ್ಮನಿಗೆ ಕಾಯಿ ಒಡೆದು ನೀರಿಗೆ ಇಳಿಸುತ್ತೇವೆ. ಮೊದಲ ಸಲ ಅದರಲ್ಲಿ ಯಾರೂ ಕುಳಿತುಕೊಳ್ಳುವುದಿಲ್ಲ. ಇಬ್ಬರ ತೂಕದಷ್ಟು ಮರಳಿನ ಚೀಲಗಳನ್ನು ಹೇರಿ, ಹಗ್ಗ ಕಟ್ಟಿ ದಂಡೆಯ ಹತ್ತಿರವೇ ಒಂದು ತಾಸು ಬಿಟ್ಟು, ಒಳಗೆ ತೇವ ಎಲ್ಲಿ ಮೂಡುತ್ತದೆ ಎಂದು ನೋಡುತ್ತೇವೆ. ಆಮೇಲೆ ಕಾಕಾ ಹುಟ್ಟು ಹಿಡಿದು ಮುಂದಿನ ಅಂಚಿನಲ್ಲಿ ಕುಳಿತುಕೊಳ್ಳುತ್ತಾರೆ. ದುಂಡು ದೋಣಿಯನ್ನು ಪಕ್ಕದಿಂದ ತಳ್ಳಿದರೆ ಅದು ನಿಂತಲ್ಲೇ ಸುತ್ತುತ್ತದೆ. ಹುಟ್ಟನ್ನು ಮುಂದೆ ಚಾಚಿ ನೀರನ್ನು ಎಡಕ್ಕೂ ಬಲಕ್ಕೂ ತಿರುವುತ್ತ ತನ್ನ ಕಡೆಗೆ ಸೆಳೆದುಕೊಂಡರೆ ಮಾತ್ರ ನೇರವಾಗಿ ಸಾಗುತ್ತದೆ.

ಹೊಳೆಯ ತಳ ಪ್ರತಿ ವರ್ಷ ಬೇರೆಯಾಗಿರುತ್ತದೆ ಎಂಬುದನ್ನು ಈ ಹೊತ್ತಿನಲ್ಲಿ ಮರೆಯಬಾರದು. ಮರಳು ತೆಗೆದ ಕಡೆ ಮೊಣಕಾಲುದ್ದದ ನೀರಿನ ಪಕ್ಕದಲ್ಲೇ ಆಳುದ್ದದ ಗುಂಡಿ ಇರುತ್ತದೆ, ಮೇಲಿನಿಂದ ನೋಡಿದರೆ ಅದು ತಿಳಿಯುವುದಿಲ್ಲ. ಕೆಳಗೆ ಹಮ್ಮಿಗಿಯ ಬ್ಯಾರೇಜಿನಲ್ಲಿ ನೀರು ನಿಂತಿದ್ದರೆ ಹಿನ್ನೀರಿನ ಭಾಗದಲ್ಲಿ ಹರಿವು ಸತ್ತು ಬಲೆ ಬಿಡುವ ಜಾಗವೇ ಬದಲಾಗುತ್ತದೆ. ಮೇಲೆ ಲಕ್ಕವಳ್ಳಿಯ ಭದ್ರಾ ಅಣೆಕಟ್ಟಿನಿಂದಲೋ ಗಾಜನೂರಿನಿಂದಲೋ ನೀರು ಬಿಟ್ಟರೆ, ನಮ್ಮಲ್ಲಿ ಮಳೆ ಇಲ್ಲದಿದ್ದರೂ ಹೊಳೆ ಏರುತ್ತದೆ. ಆದ್ದರಿಂದ ನೀರು ಬಿಡುವ ಸುದ್ದಿ ಕೇಳದೆ ಹರಿಗೋಲು ಬಿಚ್ಚುವಂತಿಲ್ಲ ಎಂದು ನಮ್ಮ ಓಣಿಯವರು ಸೇರಿ ನಿಯಮ ಮಾಡಿಕೊಂಡಿದ್ದೇವೆ. ಲೈಫ್ ಜಾಕೆಟ್ ತೊಡುವುದಕ್ಕೆ ಹಿರಿಯರು ಇನ್ನೂ ಮನಸ್ಸು ಮಾಡುತ್ತಿಲ್ಲ. ಈಜು ಬಲ್ಲವರಿಗೆ ಅದೇಕೆ ಎಂಬ ಮಾತು ಬರುತ್ತದೆ. ಬಲೆ ಕಾಲಿಗೆ ಸುತ್ತಿಕೊಂಡಾಗ ಈಜು ಉಪಯೋಗಕ್ಕೆ ಬರುವುದಿಲ್ಲ ಎಂದು ನಾನು ಪ್ರತಿ ಹಂಗಾಮಿಗೂ ಹೇಳುತ್ತಲೇ ಇದ್ದೇನೆ. ಈ ವರ್ಷ ಎರಡು ಜಾಕೆಟ್ ತಂದು ಹರಿಗೋಲಿನ ಅಂಚಿಗೇ ಕಟ್ಟಿದ್ದೇನೆ. ಮೊದಲ ಪರೀಕ್ಷೆಯ ದಿನ ಕಾಕಾ ಏನೂ ಮಾತಾಡದೆ ಒಂದನ್ನು ತೊಟ್ಟುಕೊಂಡರು.

ಬಾಗಿನ ಹತ್ತಿರ ಒಂದು ಕಡೆ ಇನ್ನೂ ತೇವ ಮೂಡುತ್ತಿದೆ, ಅಲ್ಲಿಗೆ ಇನ್ನೊಂದು ತೇಪೆ ಬೇಕು. ಡಬ್ಬಿಯಲ್ಲಿ ಡಾಂಬರು ಉಳಿದಿದೆ. ಮೋಡ ಸರಿದು ಒಂದು ದಿನ ಬಿಸಿಲು ಬಿದ್ದರೆ ಅದನ್ನು ಮುಗಿಸಿ, ಮಹಾನವಮಿಯ ಆಯುಧ ಪೂಜೆಗೆ ಹುಟ್ಟು, ಬಲೆಗಳನ್ನು ಇಟ್ಟು, ಶೀಗಿ ಹುಣ್ಣಿಮೆಯ ಹೊತ್ತಿಗೆ ಮಡುವಿನಲ್ಲಿ ಮೊದಲ ಬಲೆ ಬಿಡುವುದೆಂದು ಕಾಕಾ ಗೊತ್ತುಮಾಡಿದ್ದಾರೆ.